ಮಹಾಧಮನಿ, ವರಮಾನ ಮತ್ತು ನಮ್ಮ ಮನೆಯ ಹೆಣ್ಣುಮಕ್ಕಳು

ನಮ್ಮ ಶಾಲೆಯ ಸಂಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗಲೆಲ್ಲ, ಹಳಗನ್ನಡ ವ್ಯಾಕರಣದ ಸೂತ್ರವೊಂದನ್ನೋ ಷಟ್ಪದಿಯ ಲಕ್ಷಣವನ್ನೋ ಹಿಡಿದು ಕುಳಿತುಕೊಳ್ಳುವುದು ನನ್ನ ರೂಢಿ. ಈ ಸಲ ಆ ದಾರಿಯನ್ನು ಬಿಟ್ಟು, ಮನುಷ್ಯ ಶರೀರದ ಒಂದು ರಕ್ತನಾಳವನ್ನು ಕುರಿತು ಬರೆಯಹೊರಟಿದ್ದೇನೆ. ಕನ್ನಡ ಪಂಡಿತನಿಗೆ ವೈದ್ಯಶಾಸ್ತ್ರದಲ್ಲಿ ಏನು ಅಧಿಕಾರವೆಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅಧಿಕಾರವಿಲ್ಲ, ಆದರೆ ಕಾರಣವುಂಟು. ಒಂದೇ ಮನೆಯಲ್ಲಿ, ಒಂದೇ ರಕ್ತನಾಳದ ಬೇನೆ ಗಂಡನಿಗೂ ಬಂದಿತು, ಹೆಂಡತಿಗೂ ಬಂದಿತು. ಗಂಡ ಉಳಿದರು, ಹೆಂಡತಿ ಉಳಿಯಲಿಲ್ಲ. ಆ ಹೆಂಡತಿ ನನ್ನ ಒಡಹುಟ್ಟಿದ ಅಕ್ಕ. ಹೀಗೇಕಾಯಿತೆಂದು ತಿಳಿಯಲು ನಾನು ವೈದ್ಯಮಿತ್ರರನ್ನು ಕೇಳಿ, ಅವರು ಕೊಟ್ಟ ಪುಸ್ತಕ ಪತ್ರಿಕೆಗಳನ್ನು ಓದಿದೆ. ಆಗ ಕಂಡುಬಂದ ಸಂಗತಿಗಳು ಎಲ್ಲ ಮನೆಗಳಿಗೂ ಸಲ್ಲತಕ್ಕವುಗಳಾದುದರಿಂದ ಇಲ್ಲಿ ನಿವೇದಿಸುತ್ತಿದ್ದೇನೆ.

ಶಬ್ದದಿಂದ ಆರಂಭಿಸುವುದು ನಮ್ಮ ಸಂಪ್ರದಾಯ. 'ಧಮನಿ' ಎಂಬ ಪದವು ಊದುವುದು ಎಂಬರ್ಥದ ಸಂಸ್ಕೃತ ಧಾತುವಿನಿಂದ ಬಂದುದು. ಕಮ್ಮಾರನ ಕುಲುಮೆಗೆ ತಿದಿಯು ಗಾಳಿಯನ್ನು ಊದುವಂತೆ ಶರೀರಕ್ಕೆ ಜೀವವನ್ನು ಊದುವ ಕೊಳವೆಯೆಂಬುದು ಅದರ ಭಾವ. ಚರಕ ಸಂಹಿತೆಯ ಸೂತ್ರಸ್ಥಾನದ ಕೊನೆಯ ಅಧ್ಯಾಯದಲ್ಲಿ ಹೃದಯವನ್ನು ಮೂಲವಾಗಿ ಉಳ್ಳ ಹತ್ತು ಮಹಾನಾಳಗಳ ಮಾತು ಬರುತ್ತದೆ. ಸುಶ್ರುತನಾದರೋ ನಾಭಿಯಿಂದ ಹೊರಡುವ 24 ಧಮನಿಗಳನ್ನು ಎಣಿಸುತ್ತಾನೆ. ಇಂದಿನ ವೈದ್ಯರು 'ಅಯೋರ್ಟಾ' ಎಂದು ಕರೆಯುವುದನ್ನು ನಾವು ಮಹಾಧಮನಿಯೆನ್ನುತ್ತೇವೆ. ಅದು ಹೃದಯದ ಎಡಭಾಗದಿಂದ ಮೇಲಕ್ಕೆ ಹೊರಟು, ಕೊಡೆಯ ಹಿಡಿಯಂತೆ ಬಾಗಿ, ಬೆನ್ನೆಲುಬಿನ ಮುಂಬದಿಯಲ್ಲಿ ಇಳಿದು, ಹೆಚ್ಚುಕಡಿಮೆ ಹೊಕ್ಕುಳಿನ ಮಟ್ಟದಲ್ಲಿ ಎರಡಾಗಿ ಒಡೆದು ಕಾಲುಗಳ ಕಡೆಗೆ ಸಾಗುತ್ತದೆ. ಒಂದು ತುದಿ ಹೃದಯದಲ್ಲಿ, ಇನ್ನೊಂದು ತುದಿ ನಾಭಿಯ ಸಮೀಪದಲ್ಲಿ! ನಮ್ಮ ಪ್ರಾಚೀನರಿಬ್ಬರ ಮಾತುಗಳೂ ಈ ಒಂದು ನಾಳದಲ್ಲಿ ಕೂಡಿದಂತಿವೆಯಲ್ಲಾ ಎಂದು ನಾನು ಬೆರಗಾದದ್ದುಂಟು.

ಈ ನಾಳಕ್ಕೆ ಮುಖ್ಯವಾಗಿ ಎರಡು ಬಗೆಯ ಕೇಡು ಒದಗುತ್ತದೆ. ಮೊದಲನೆಯದು ಉಬ್ಬು. ಹೊಟ್ಟೆಯ ಭಾಗದಲ್ಲಿ ಸಾಮಾನ್ಯವಾಗಿ 2 ಸೆಂಟಿಮೀಟರಿನಷ್ಟು ಅಗಲವಿರುವ ಮಹಾಧಮನಿಯು, ಗೋಡೆ ಸಡಿಲಗೊಂಡು, ಸೈಕಲ್ ಟ್ಯೂಬಿನ ಸವೆದ ಜಾಗ ಉಬ್ಬುವಂತೆ ಉಬ್ಬಿಕೊಳ್ಳುತ್ತದೆ. 3 ಸೆಂಟಿಮೀಟರನ್ನು ಮುಟ್ಟಿದರೆ ಅದನ್ನು ರೋಗವೆಂದು ಎಣಿಸುತ್ತಾರೆ. ಇದು ವರ್ಷಾನುಗಟ್ಟಲೆ ನೋವಿಲ್ಲದೆ, ಸುಳಿವಿಲ್ಲದೆ ಬೆಳೆಯುತ್ತದೆ. ಒಡೆದ ದಿನ ಬಹುಮಂದಿ ಆಸ್ಪತ್ರೆಯ ಬಾಗಿಲನ್ನೂ ಕಾಣುವುದಿಲ್ಲ. ಧೂಮಪಾನವೇ ಇದರ ದೊಡ್ಡ ಮಿತ್ರ. ಎರಡನೆಯದು ಸೀಳು. ನಾಳದ ಒಳಪದರ ಹರಿದು, ರಕ್ತವು ಪದರಗಳ ನಡುವೆ ನುಗ್ಗಿ, ಬಟ್ಟೆಯನ್ನು ಹರಿದಂತೆ ಗೋಡೆಯನ್ನು ಉದ್ದಕ್ಕೂ ಸೀಳುತ್ತದೆ. ಇದಕ್ಕೆ ಮುಖ್ಯ ಕಾರಣ ಹತೋಟಿಯಿಲ್ಲದ ರಕ್ತದ ಒತ್ತಡ. ಹೃದಯಕ್ಕೆ ಹತ್ತಿರದ ಭಾಗ ಸೀಳಿದರೆ, ಶಸ್ತ್ರಕ್ರಿಯೆಯಾಗದ ಪಕ್ಷದಲ್ಲಿ, ಮೊದಲ ಎರಡು ದಿನ ಗಂಟೆಗೆ ನೂರಕ್ಕೆ ಒಬ್ಬರೋ ಇಬ್ಬರೋ ತೀರಿಹೋಗುತ್ತಾರೆಂದು ವೈದ್ಯರು ಲೆಕ್ಕ ಹಾಕಿದ್ದಾರೆ. ಇಲ್ಲಿ ಗಡಿಯಾರವೇ ಯಮಧರ್ಮನ ಕೋಣ.

ಲೋಕಪ್ರಸಿದ್ಧರೂ ಇದರಿಂದ ಪಾರಾದವರಲ್ಲ. ವಿಜ್ಞಾನಿ ಐನ್‌ಸ್ಟೈನರ ಹೊಟ್ಟೆಯ ಮಹಾಧಮನಿ ಉಬ್ಬಿರುವುದನ್ನು 1948ರಲ್ಲಿ ಕಂಡ ಶಸ್ತ್ರವೈದ್ಯ ನಿಸ್ಸೆನ್, ಅದರ ಸುತ್ತ ಸೆಲೋಫೇನ್ ಹಾಳೆಯನ್ನು ಸುತ್ತಿದರು. ಅಂದು ಗೊತ್ತಿದ್ದ ಉಪಾಯ ಅಷ್ಟೇ. 1955ರ ಏಪ್ರಿಲಿನಲ್ಲಿ ಆ ಉಬ್ಬು ಒಡೆದು ಅವರು ತೀರಿಕೊಂಡರು. ಅಮೆರಿಕೆಯ ಡಿಬೇಕಿ ಎಂಬ ಶಸ್ತ್ರವೈದ್ಯರ ಕಥೆ ಬೇರೆ. ಸೀಳಿದ ಮಹಾಧಮನಿಯನ್ನು ಸರಿಪಡಿಸುವ ಶಸ್ತ್ರಕ್ರಿಯೆಯನ್ನು ರೂಪಿಸಿದವರಲ್ಲಿ ಅವರು ಅಗ್ರಗಣ್ಯರು. ಅವರಿಗೇ 97ನೆಯ ವಯಸ್ಸಿನಲ್ಲಿ ಅದೇ ಬೇನೆ ಬಂದು, 2006ರಲ್ಲಿ ಅದೇ ಶಸ್ತ್ರಕ್ರಿಯೆಯಾಗಿ, 2008ರವರೆಗೆ ಬದುಕಿದರು. ಗುರುವಿನ ವಿದ್ಯೆ ಗುರುವನ್ನೇ ಕಾಯಿತು. ಆದರೆ ತೊಂಬತ್ತೇಳರ ವೃದ್ಧರನ್ನು ತಿಂಗಳುಗಟ್ಟಲೆ ಉಳಿಸಿಕೊಳ್ಳಲು ವಿದ್ಯೆಯೊಂದೇ ಸಾಲದು, ಅದರ ಹಿಂದೆ ಸಿರಿವಂತ ರಾಷ್ಟ್ರವೊಂದರ ಬೊಕ್ಕಸವೂ ಬೇಕು.

ರಾಷ್ಟ್ರದ ವರಮಾನಕ್ಕೂ ಈ ರೋಗಕ್ಕೂ ಇರುವ ನಂಟು ನೇರವಾದುದಲ್ಲ. ಮಹಾಧಮನಿಯ ಉಬ್ಬಿನಿಂದ ಜಗತ್ತಿನಲ್ಲಿ 1990ರಲ್ಲಿ ಸುಮಾರು 95,000 ಮಂದಿ ಸತ್ತಿದ್ದರೆ, 2019ರಲ್ಲಿ ಸುಮಾರು 1,72,000 ಮಂದಿ ಸತ್ತರೆಂದು ಅಂತರರಾಷ್ಟ್ರೀಯ ಅಂದಾಜೊಂದು ಹೇಳುತ್ತದೆ. ಜನಸಂಖ್ಯೆಯೂ ಆಯುಸ್ಸೂ ಬೆಳೆದುದರ ಫಲ ಇದು. ವಯಸ್ಸಿನ ವ್ಯತ್ಯಾಸವನ್ನು ಕಳೆದು ನೋಡಿದರೆ ಪ್ರಮಾಣ ಇಳಿದಿದೆ. ಆ ಇಳಿತದ ಹೆಚ್ಚಿನ ಪಾಲು ಸಿರಿವಂತ ದೇಶಗಳದ್ದು. ಹಿಂದೆ ಅವೇ ದೇಶಗಳು ಈ ರೋಗದ ತವರಾಗಿದ್ದವು. ಹಣ ಬಂದಾಗ ಮೊದಲು ಸಿಗರೇಟು ಬಂದಿತು, ಕುಳಿತು ಉಣ್ಣುವ ಬದುಕು ಬಂದಿತು, ರೋಗವೂ ಬಂದಿತು. ಅನಂತರ ಅದೇ ಹಣದಿಂದ ತಿಳಿವಳಿಕೆ ಬಂದಿತು, ಧೂಮಪಾನ ತಗ್ಗಿತು, ಒತ್ತಡಕ್ಕೆ ಮಾತ್ರೆ ಸಿಕ್ಕಿತು, ಒಡೆಯುವ ಮುನ್ನವೇ ಉಬ್ಬನ್ನು ಕಂಡುಹಿಡಿಯುವ ಯಂತ್ರಗಳು ಬಂದವು. ವಿಶ್ವಬ್ಯಾಂಕಿನ ವರ್ಗೀಕರಣದಲ್ಲಿ ಕೆಳಮಧ್ಯಮ ವರಮಾನದ ರಾಷ್ಟ್ರವಾಗಿರುವ ನಮ್ಮ ಭಾರತ ಈ ಎರಡು ಘಟ್ಟಗಳ ನಡುವೆ ನಿಂತಿದೆ. ರೋಗದ ಕಾರಣಗಳು ಮನೆಯೊಳಕ್ಕೆ ಬಂದಾಗಿವೆ. ಪರಿಹಾರಗಳು ಇನ್ನೂ ಬೆಂಗಳೂರಿನ ಬಸ್ಸಿನಿಂದ ಇಳಿದಿಲ್ಲ.

ಬಡ ದೇಶಗಳ ಪಟ್ಟಿಯಲ್ಲಿ ಈ ಸಾವುಗಳ ಸಂಖ್ಯೆ ಕಡಿಮೆ ಕಂಡರೆ ಹಿಗ್ಗಬೇಕಾಗಿಲ್ಲ. ಎಣಿಸಿದರೆ ತಾನೆ ಸಂಖ್ಯೆ? 2020ರಲ್ಲಿ ನಮ್ಮ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣವನ್ನು ದೃಢೀಕರಿಸಿದ್ದು ನೂರಕ್ಕೆ 22.5ರಷ್ಟನ್ನು ಮಾತ್ರ. ಆ ದೃಢೀಕೃತ ಸಾವುಗಳಲ್ಲಿಯೂ ಮೂರರಲ್ಲಿ ಎರಡು ಪಾಲಿನಷ್ಟು ಗಂಡಸರವು. ಹೆಂಗಸರು ಸಾಯುವುದು ಹೆಚ್ಚಾಗಿ ಮನೆಯಲ್ಲಿ. ಕಾರಣವನ್ನು ಹೇಳುವವರು ನೆರೆಹೊರೆಯವರು. "ಎದೆ ನೋವೆಂದರು, ಹೋಗಿಬಿಟ್ಟರು" ಎಂಬಲ್ಲಿಗೆ ಆ ಅಧ್ಯಾಯ ಮುಗಿಯುತ್ತದೆ.

ಈ ವರಮಾನದ ಮಾತನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಶಿವಮೊಗ್ಗದಿಂದ ಮುಕ್ಕಾಲು ಗಂಟೆಯ ದಾರಿಯಾದ ಭದ್ರಾವತಿಯೇ ಸಾಕು. ಬೆಂಕಿಪುರವೆಂಬ ಹಳೆಯ ಹೆಸರಿನ ಆ ಊರಿನಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಸಂಕಲ್ಪದಿಂದ 1918ರಲ್ಲಿ ಕಬ್ಬಿಣದ ಕಾರ್ಖಾನೆ ಸ್ಥಾಪನೆಯಾಗಿ, 1923ರಲ್ಲಿ ಕುಲುಮೆ ಉರಿಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು. 1936ರಲ್ಲಿ ಕಾಗದದ ಕಾರ್ಖಾನೆಯೂ ಬಂದಿತು. ಸುತ್ತಲಿನ ಹಳ್ಳಿಗಳ ರೈತಮಕ್ಕಳು ಸಂಬಳದ ಮುಖ ಕಂಡರು, ಕ್ವಾರ್ಟರ್ಸಿನಲ್ಲಿ ದೀಪ ಹೊತ್ತಿಸಿದರು, ಮಕ್ಕಳನ್ನು ಓದಿಸಿದರು. ಈ ಸಂಚಿಕೆಯನ್ನು ಓದುತ್ತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಅಂತಹ ಮನೆಗಳಿಂದ ಬಂದವರು ಅನೇಕರು. ಕಾಗದದ ಕಾರ್ಖಾನೆ ಕಳೆದ ದಶಕದ ನಡುವೆ ಉತ್ಪಾದನೆಯನ್ನು ನಿಲ್ಲಿಸಿದ ಮೇಲೆ ಆ ಊರಿನ ಪೇಟೆಬೀದಿ ಹೇಗೆ ಕಳೆಗುಂದಿತೆಂಬುದನ್ನೂ ಅವರು ಬಲ್ಲರು. ಊರಿನ ವರಮಾನವೆಂಬ ಧಮನಿ ಬತ್ತಿದರೆ ಅಂಗಾಂಗಗಳು ಸೊರಗುವುದನ್ನು ನಾವೆಲ್ಲರೂ ಕಣ್ಣಾರೆ ಕಂಡಿದ್ದೇವೆ.

ನಮ್ಮ ಭಾವನವರು ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಇಪ್ಪತ್ತರ ಹರೆಯದಿಂದ ಬೀಡಿ ಸೇದಿದವರು. 2012ರಲ್ಲಿ, ಅವರಿಗೆ 64 ವರ್ಷವಾಗಿದ್ದಾಗ, ಮೂತ್ರಕೋಶದ ಕಲ್ಲಿಗೆಂದು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರು. ಕಲ್ಲಿನ ಜೊತೆಗೆ ಮಹಾಧಮನಿಯ ಉಬ್ಬೂ ಕಂಡಿತು. ಅಗಲ 5.8 ಸೆಂಟಿಮೀಟರು. ಗಂಡಸರಲ್ಲಿ 5.5ಕ್ಕೆ ಬಂದರೆ ಶಸ್ತ್ರಕ್ರಿಯೆ ಮಾಡಬೇಕೆಂಬುದು ವೈದ್ಯರ ನಿಯಮ. ತೊಡೆಯ ಸಂದಿಯ ರಕ್ತನಾಳದಿಂದ, ಬಟ್ಟೆ ಹೊದಿಸಿದ ಲೋಹದ ನಳಿಗೆಯೊಂದನ್ನು ಮೇಲೇರಿಸಿ ಉಬ್ಬಿನೊಳಗೆ ಕೂರಿಸುವ ವಿಧಾನವನ್ನು 1990ರಲ್ಲಿ ಅರ್ಜೆಂಟೀನಾದ ಪರೋಡಿ ಎಂಬ ವೈದ್ಯರು ಬಳಕೆಗೆ ತಂದರು. ಬೆಂಗಳೂರಿನಲ್ಲಿ ಭಾವನವರಿಗೆ ಅದೇ ಆಯಿತು. ನಿವೃತ್ತಿಯ ಹಣದ ಬಹುಭಾಗ ಕರಗಿತು. ಅಕ್ಕನ ಎರಡೆಳೆಯ ಸರವೂ ಒತ್ತೆ ಹೋಯಿತು. ಅಕ್ಕ ಅದನ್ನು ಕೊರಳಿನಿಂದ ತೆಗೆದುಕೊಟ್ಟಾಗ ಕ್ಷಣವೂ ಯೋಚಿಸಲಿಲ್ಲ. ಊರಿಗೆ ಮರಳಿದ ಭಾವನವರು, "ನೋಡಿ ಮೇಷ್ಟ್ರೇ, ಜೀವಮಾನವೆಲ್ಲ ನಾನು ಲೋಹವನ್ನು ಕಾಯಿಸಿದೆ, ಈಗ ಲೋಹ ನನ್ನನ್ನು ಕಾಯುತ್ತಿದೆ" ಎಂದು ನಕ್ಕರು. ಬೀಡಿಯನ್ನು ಅಂದೇ ಬಿಟ್ಟರು. ಇಂದಿಗೂ ಕ್ಷೇಮವಾಗಿದ್ದಾರೆ.

ಇನ್ನು ಸ್ತ್ರೀಪುರುಷ ಭೇದದ ಮಾತು. ಹೊಟ್ಟೆಯ ಮಹಾಧಮನಿಯ ಉಬ್ಬು ಗಂಡಸರಲ್ಲಿ ಹೆಂಗಸರಿಗಿಂತ ನಾಲ್ಕೈದು ಪಟ್ಟು ಹೆಚ್ಚು. ನಮ್ಮ ದೇಶದಲ್ಲಿ 2016-17ರ ಸಮೀಕ್ಷೆಯಂತೆ ಧೂಮಪಾನ ಮಾಡುವವರು ಗಂಡಸರಲ್ಲಿ ನೂರಕ್ಕೆ 19, ಹೆಂಗಸರಲ್ಲಿ 2. ಆದಕಾರಣ ಇದು ಗಂಡಸರ ರೋಗವೆಂಬ ಭಾವನೆ ವೈದ್ಯರಲ್ಲಿಯೇ ಬೇರೂರಿದೆ. ಬ್ರಿಟನ್ನಿನಲ್ಲಿ ಸುಮಾರು 67,800 ಮಂದಿಯ ಮೇಲೆ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವು, ಮುಂಚಿತವಾಗಿ ಸ್ಕ್ಯಾನಿಂಗ್‌ಗೆ ಕರೆದರೆ ಈ ಸಾವುಗಳು ನೂರಕ್ಕೆ 42ರಷ್ಟು ತಗ್ಗುತ್ತವೆಂದು ತೋರಿಸಿತು. ಆ 67,800 ಮಂದಿಯೂ ಗಂಡಸರೇ. ಅದರ ಫಲವಾಗಿ ಆ ದೇಶದಲ್ಲಿ 65 ತುಂಬಿದ ಗಂಡಸರೆಲ್ಲರಿಗೂ ಸರ್ಕಾರವೇ ಕರೆ ಕಳುಹಿಸುತ್ತದೆ, ಹೆಂಗಸರಿಗೆ ಕಳುಹಿಸುವುದಿಲ್ಲ. ರೋಗ ಅವರಲ್ಲಿ ವಿರಳವಾದುದರಿಂದ ಎಲ್ಲರನ್ನೂ ಪರೀಕ್ಷಿಸಿದರೆ ಖರ್ಚಿಗೆ ತಕ್ಕ ಫಲವಿಲ್ಲವೆಂಬ ಲೆಕ್ಕ. ಲೆಕ್ಕ ತಪ್ಪೆಂದು ಹೇಳಲು ನಾನು ಸಮರ್ಥನಲ್ಲ.

ಆದರೆ ನಾಣ್ಯಕ್ಕೆ ಮತ್ತೊಂದು ಮುಖವುಂಟು. ರೋಗ ಬಂದ ಹೆಂಗಸಿನ ಗತಿ ಗಂಡಸಿನದಕ್ಕಿಂತ ಕಷ್ಟ. ಅವಳ ನಾಳ ಸ್ವಭಾವತಃ ಕಿರಿದು. ಆದುದರಿಂದ ಅಷ್ಟೇ ಅಗಲದ ಉಬ್ಬು ಅವಳಲ್ಲಿ ಬೇಗ ಒಡೆಯುತ್ತದೆ. ಲೋಹದ ನಳಿಗೆಗಳು ಅವಳ ಕಿರಿದಾದ ನಾಳಗಳಿಗೆ ಹೊಂದುವುದೂ ಕಡಿಮೆ. ಅನೇಕ ಅಧ್ಯಯನಗಳನ್ನು ಕೂಡಿಸಿ 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಶಸ್ತ್ರಕ್ರಿಯೆಯೇ ಬೇಡವೆಂದು ವೈದ್ಯರು ಬಿಟ್ಟುಬಿಟ್ಟವರು ಗಂಡಸರಲ್ಲಿ ನೂರಕ್ಕೆ 19, ಹೆಂಗಸರಲ್ಲಿ 34. ಹೊಟ್ಟೆಯನ್ನು ತೆರೆದು ಶಸ್ತ್ರಕ್ರಿಯೆ ಮಾಡಿದಾಗ ತೀರಿಕೊಂಡವರು ಗಂಡಸರಲ್ಲಿ ನೂರಕ್ಕೆ 2.8, ಹೆಂಗಸರಲ್ಲಿ 5.4. ಸೀಳಿನ ವಿಷಯದಲ್ಲಿಯೂ ಹೀಗೆಯೇ. ಹಲವು ದೇಶಗಳ 1,078 ರೋಗಿಗಳ ದಾಖಲೆಯನ್ನು 2004ರಲ್ಲಿ ಪರಿಶೀಲಿಸಿದಾಗ, ಅವರಲ್ಲಿ ಹೆಂಗಸರು ಮೂರರಲ್ಲೊಂದು ಪಾಲು ಮಾತ್ರ; ಆದರೆ ಆಸ್ಪತ್ರೆಯಲ್ಲಿ ಸತ್ತವರು ಗಂಡಸರಲ್ಲಿ ನೂರಕ್ಕೆ 21, ಹೆಂಗಸರಲ್ಲಿ 30. ರೋಗವನ್ನು ಗುರುತಿಸುವಲ್ಲಿ ತಡವಾಗುವುದು ಹೆಂಗಸರಲ್ಲಿಯೇ ಹೆಚ್ಚೆಂದೂ ಅಲ್ಲಿ ಕಂಡುಬಂದಿತು. ಇವೆಲ್ಲ ಬಹುಮಟ್ಟಿಗೆ ಸಿರಿವಂತ ದೇಶಗಳ ಅಂಕಿಗಳೆಂಬುದನ್ನು ವಾಚಕರು ಗಮನಿಸಬೇಕು. ಹಣವಿರುವಲ್ಲಿಯೇ ಹೀಗಾದರೆ, ಹಣವೂ ಇಲ್ಲದ ಕಡೆ ಹೇಗೆ?

ನಮ್ಮ ಅಕ್ಕ ನನಗಿಂತ ಹನ್ನೆರಡು ವರ್ಷ ಹಿರಿಯಳು. ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಬೀಡಿಯಿಲ್ಲ, ಹೊಗೆಸೊಪ್ಪಿಲ್ಲ, ಮಿತವಾದ ಊಟ. ಐವತ್ತರ ಮೇಲೆ ರಕ್ತದ ಒತ್ತಡವಿದೆಯೆಂದು ವೈದ್ಯರು ಮಾತ್ರೆ ಬರೆದುಕೊಟ್ಟಿದ್ದರು. ತಲೆ ಭಾರವಾದ ದಿನ ನುಂಗುವುದು, ಹಗುರವಾದ ದಿನ ಬಿಡುವುದು, ತಿಂಗಳ ಕೊನೆಯಲ್ಲಿ ಅರ್ಧ ಮಾಡಿ ನುಂಗುವುದು. ಭಾವನವರ ಮಾತ್ರೆಗಳಾದರೋ ಡಬ್ಬಿಯಲ್ಲಿ ವಾರದ ಲೆಕ್ಕಕ್ಕೆ ಜೋಡಿಸಿ, ಗಂಟೆ ತಪ್ಪದಂತೆ ಕೊಡುತ್ತಿದ್ದಳು. "ನೀನೂ ಒಮ್ಮೆ ತೋರಿಸಿಕೊಳ್ಳಕ್ಕಾ" ಎಂದರೆ, "ನನಗೇನಾಗಿದೆಯೋ ತಮ್ಮಾ, ನಿಮ್ಮ ಭಾವ ಗಟ್ಟಿಯಾಗಿದ್ದರೆ ಸಾಕು" ಎನ್ನುವಳು. ಇದು ಬಡತನದ ಮಾತಲ್ಲ. ಭಾವನವರಿಗೆ ಸಿಗುತ್ತಿದ್ದ ವೈದ್ಯಕೀಯ ಸೌಲಭ್ಯದ ಚೀಟಿಯಲ್ಲಿ ಅವಳ ಹೆಸರೂ ಇತ್ತು. ಆ ಹೆಸರಿನ ಮೇಲೆ ಎಂದೂ ಮುದ್ರೆ ಬೀಳಲಿಲ್ಲ.

2016ರ ಕಾರ್ತಿಕ ಮಾಸದ ಒಂದು ಬೆಳಿಗ್ಗೆ, ಬಾವಿಕಟ್ಟೆಯ ಬಳಿ ಕೊಡವನ್ನೆತ್ತಿದವಳಿಗೆ ಎರಡು ಭುಜದೆಲುಬುಗಳ ನಡುವೆ ಯಾರೋ ಹರಿದು ಹಾಕಿದಂತಹ ನೋವು ಬಂದಿತು. ಮೊದಲು ಓಮದ ನೀರು, ಆಮೇಲೆ ಶುಂಠಿಯ ಕಷಾಯ. ಮಧ್ಯಾಹ್ನ ಹತ್ತಿರದ ಚಿಕಿತ್ಸಾಲಯವೊಂದಕ್ಕೆ ಕರೆದೊಯ್ದರು. ಇ.ಸಿ.ಜಿ. ಸರಿಯಾಗಿದೆ, ಗ್ಯಾಸ್ಟ್ರಿಕ್ಕಿನ ತೊಂದರೆ, ಹೆಂಗಸರಿಗೆ ಗಾಬರಿ ಹೆಚ್ಚು ಎಂದು ಸೂಜಿ ಚುಚ್ಚಿ ಕಳುಹಿಸಿದರು. ಒಂದು ತೋಳಿನ ನಾಡಿ ಇನ್ನೊಂದಕ್ಕಿಂತ ಕ್ಷೀಣವಾಗಿದೆಯೇ ಎಂದು ಯಾರೂ ಹಿಡಿದು ನೋಡಲಿಲ್ಲ. ಈ ಬೇನೆಯ ಗುರುತುಗಳಲ್ಲಿ ಅದೂ ಒಂದೆಂದು ನನಗೆ ತಿಳಿದದ್ದು ಅನಂತರ. ರಾತ್ರಿ ನೋವು ಹೊಟ್ಟೆಗಿಳಿದಾಗ ಶಿವಮೊಗ್ಗಕ್ಕೆ ಕರೆತಂದರು, ನಾನೂ ಓಡಿಹೋದೆ. ಸ್ಕ್ಯಾನಿಂಗ್‌ನಲ್ಲಿ ಸೀಳು ಕಂಡಿತು. ತಕ್ಷಣ ಬೆಂಗಳೂರಿಗೆ ಒಯ್ಯಿರಿ ಎಂದರು. ಬೆಂಗಳೂರು ಸುಮಾರು 300 ಕಿಲೋಮೀಟರು. ಆಂಬುಲೆನ್ಸು ಭದ್ರಾ ನದಿಯ ಸೇತುವೆಯನ್ನು ದಾಟುವಾಗ ಅವಳು ಕಣ್ಣು ತೆರೆದು, "ನಮ್ಮೂರು ಬಂತೇನೋ?" ಎಂದಳು. "ಬಂತಕ್ಕಾ" ಎಂದೆ. ತರೀಕೆರೆ ದಾಟಿ ಕಡೂರು ಸೇರುವುದರೊಳಗೆ ಎಲ್ಲವೂ ಮುಗಿಯಿತು. ನೋವು ಬಂದ ಗಳಿಗೆಯಿಂದ ಹತ್ತೊಂಬತ್ತು ಗಂಟೆ. ಮರಣದ ನೋಂದಣಿಗೆಂದು ತುಂಬಿದ ನಮೂನೆಯಲ್ಲಿ ಬರೆದದ್ದು 'ಹೃದಯಾಘಾತ' ಎಂದು. ಎಣಿಕೆಗೆ ಸಿಗದೆ ಹೋಗುವ ಸಾವುಗಳೆಂದು ನಾನು ಮೇಲೆ ಹೇಳಿದವುಗಳಲ್ಲಿ ನಮ್ಮ ಅಕ್ಕನದೂ ಒಂದು.

ಅವಳನ್ನು ಕೊಂದದ್ದು ರಕ್ತನಾಳವೇ, ದೂರವೇ, ಹಣವೇ, ಹೆಣ್ಣುಜನ್ಮವೇ? ಇವು ಒಂದನ್ನೊಂದು ಹೆಣೆದುಕೊಂಡ ಎಳೆಗಳು, ಬಿಡಿಸಿದರೆ ಯಾವುದೂ ತಾನೊಂದೇ ಹೊಣೆಯೆಂದು ಒಪ್ಪುವುದಿಲ್ಲ. ಆದರೆ ಒಂದು ಮಾತು ಮಾತ್ರ ನನಗೆ ನಿಶ್ಚಯವಾಗಿದೆ. ರಾಷ್ಟ್ರದ ವರಮಾನವೆಂಬುದು ದೆಹಲಿಯ ಪುಸ್ತಕದಲ್ಲಿ ಬರೆದಿಡುವ ಸಂಖ್ಯೆ. ಅದು ರಾಜ್ಯಕ್ಕೆ, ಊರಿಗೆ, ಮನೆಗೆ ಹರಿದು ಬರಬೇಕು. ಮನೆಯ ಹೊಸ್ತಿಲಿನವರೆಗೆ ಬಂದ ಮೇಲೂ ಅದಕ್ಕೆ ಇನ್ನೊಂದು ದಾರಿ ಉಳಿದಿರುತ್ತದೆ: ಪಡಸಾಲೆಯಿಂದ ಅಡುಗೆಮನೆಗೆ. ಎಲ್ಲಕ್ಕಿಂತ ಉದ್ದವಾದ ದಾರಿ ಅದೇ. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣುವವಳು ಔಷಧದ ಸಾಲಿನಲ್ಲಿಯೂ ಕೊನೆಯಲ್ಲಿಯೇ ನಿಲ್ಲುತ್ತಾಳೆ. ಬೇರೆ ಬೇನೆಗಳು ಅವಳ ಸರದಿ ಬರುವವರೆಗೆ ಕಾದಾವು, ಮಹಾಧಮನಿ ಕಾಯುವುದಿಲ್ಲ.

ಈಗ ಕಾಲ ಕೊಂಚ ಅನುಕೂಲವಾಗಿದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಉಂಟು. 2023ರಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ; ಭದ್ರಾವತಿಯ ತಾಯಿಯೊಬ್ಬಳು ಶಿವಮೊಗ್ಗದ ಆಸ್ಪತ್ರೆಗೆ ಬರಲು ಯಾರ ಮುಂದೆಯೂ ಕೈಯೊಡ್ಡಬೇಕಾಗಿಲ್ಲ. ಅದೇ ವರ್ಷ ಬಂದ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಅವಳ ಖಾತೆಗೇ ಬರುತ್ತದೆ. ಆದರೆ ಆ ಹಣ ಬೇಳೆಗೆ, ಎಣ್ಣೆಗೆ, ಮೊಮ್ಮಗನ ಫೀಜಿಗೆ ಹೋಗುವುದನ್ನು ಬಲ್ಲೆ. ಅದರಲ್ಲಿ ಅವಳ ಒತ್ತಡದ ಮಾತ್ರೆಗೂ ಪಾಲಿರಲಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ವರದಿಯಂತೆ ನಮ್ಮ ದೇಶದ ವಯಸ್ಕ ಹೆಂಗಸರಲ್ಲಿ ಐವರಿಗೊಬ್ಬರಿಗಿಂತ ಹೆಚ್ಚು ಮಂದಿಗೆ ರಕ್ತದ ಒತ್ತಡವುಂಟು. ಮಾತ್ರೆಯ ಬೆಲೆ ಅಲ್ಪ. ಅದನ್ನು ನುಂಗದಿದ್ದರೆ ತೆರಬೇಕಾದ ಬೆಲೆ ಅಪಾರ.

ಈ ಸಂಚಿಕೆಯನ್ನು ಓದುವ ಮಹನೀಯರಲ್ಲಿ ಮೂರು ಬಿನ್ನಹಗಳು. ಅಧ್ಯಾಪಕ ಬಂಧುಗಳೇ, ಪಾಲಕರ ಸಭೆಗೆ ಬರುವವರು ಬಹುಪಾಲು ತಾಯಂದಿರು. ವರ್ಷಕ್ಕೆ ಎರಡು ಸಭೆಗಳಲ್ಲಿ ದಾದಿಯೊಬ್ಬರನ್ನು ಕರೆಸಿ, ಅಂಕಪಟ್ಟಿಯನ್ನು ಕೊಡುವ ಮೊದಲು ಅವರ ರಕ್ತದ ಒತ್ತಡವನ್ನು ಅಳೆಸೋಣ. ಹಳೆಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ವೈದ್ಯರಾದವರಿದ್ದೀರಿ. ಹೆಂಗಸೊಬ್ಬಳು ಎದೆಯಲ್ಲೋ ಬೆನ್ನಿನಲ್ಲೋ ಹರಿದಂತೆ ನೋವೆಂದಾಗ, ವಾಯುವೆಂದು ಬರೆಯುವ ಮುನ್ನ ಎರಡೂ ತೋಳುಗಳ ನಾಡಿಯನ್ನು ಹಿಡಿದು ನೋಡಿರಿ. ಬೀಡಿ ಸಿಗರೇಟು ಸೇದಿ 65 ದಾಟಿದ ತಂದೆಯಿರುವವರು ಅವರ ಹೊಟ್ಟೆಯನ್ನು ಒಮ್ಮೆ ಸ್ಕ್ಯಾನಿಂಗ್ ಮಾಡಿಸಿರಿ, ತಾಯಿ ಸೇದದಿದ್ದರೂ ಅವರ ಒತ್ತಡವನ್ನು ತಿಂಗಳಿಗೊಮ್ಮೆ ಅಳೆಸಿರಿ. ದಾನಿಗಳೇ, ನಿಮ್ಮ ಔದಾರ್ಯದಿಂದ ಈ ಶಾಲೆಯಲ್ಲಿ ಕೊಠಡಿಗಳು ಎದ್ದಿವೆ, ಸಾವಿರಾರು ಮಕ್ಕಳು ಅನ್ನವುಂಡು ಅಕ್ಷರ ಕಲಿತಿದ್ದಾರೆ. ಒತ್ತಡವನ್ನು ಅಳೆಯುವ ಯಂತ್ರವೊಂದರ ಬೆಲೆ ಒಂದು ಬೆಂಚಿನ ಬೆಲೆಗಿಂತ ಹೆಚ್ಚಿಲ್ಲ. ಅದರ ಮೇಲೆ ದಾನಿಗಳ ಹೆಸರನ್ನು ಕೆತ್ತಿಸಲು ಸ್ಥಳವೂ ಇರುವುದಿಲ್ಲ. ಆದರೂ ಯಾವುದೋ ಒಂದು ಮನೆಯಲ್ಲಿ ತಮ್ಮನೊಬ್ಬನಿಗೆ ಅಕ್ಕ ಉಳಿದಾಳು. ಅಂತಹ ದಾನಕ್ಕೆ ಮನಸ್ಸು ಮಾಡಬೇಕೆಂದು ತಮ್ಮೆಲ್ಲರನ್ನೂ ವಿನಯಪೂರ್ವಕವಾಗಿ ಪ್ರಾರ್ಥಿಸಿ, ಈ ಕಿರುಲೇಖನವನ್ನು ಮುಗಿಸುತ್ತೇನೆ.